ಮೇ ತಿಂಗಳಲ್ಲಿ ನಾಯಿಯೊಡನೆ ಬೆಟ್ಟ ಹತ್ತಬಹುದೇ?

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್, ತೂಕ 38 ಕೆ.ಜಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದಿದೆ. ಬೆಳಿಗ್ಗೆ ಮತ್ತು ಸಂಜೆ ಇಪ್ಪತ್ತು ನಿಮಿಷ ನಡೆಸುತ್ತೇವೆ; ರಾತ್ರಿ ಎ.ಸಿ. ಕೋಣೆಯಲ್ಲಿ ಮಲಗುತ್ತದೆ. ಮಕ್ಕಳಿಗೆ ಬೇಸಿಗೆ ರಜೆ ಇರುವುದರಿಂದ ಮೇ ಎರಡನೆಯ ವಾರದಲ್ಲಿ ಅದನ್ನೂ ಕರೆದುಕೊಂಡು ಒಂದು ಬೆಟ್ಟ ಹತ್ತಬೇಕೆಂದಿದ್ದೇವೆ. ಸಾವನದುರ್ಗ ಹತ್ತಿರ, ಮುಳ್ಳಯ್ಯನಗಿರಿ ದೂರವಾದರೂ ತಂಪು ಎನ್ನುತ್ತಾರೆ. ಎರಡರಲ್ಲಿ ಯಾವುದು ಸೂಕ್ತ? ಯಾವ ಎಚ್ಚರಿಕೆ ವಹಿಸಬೇಕು?

ಉತ್ತರ: ಮೊದಲು ನೇರವಾದ ಉತ್ತರ. ಸಾವನದುರ್ಗವನ್ನು ಮೇ ತಿಂಗಳಲ್ಲಿ ನಾಯಿಯೊಡನೆ ಹತ್ತಬೇಡಿ. ಮುಳ್ಳಯ್ಯನಗಿರಿಗೆ ಹೋಗಬಹುದು, ಆದರೆ ಬೆಳಗಿನ ಜಾವವೇ ನಡಿಗೆ ಆರಂಭಿಸಿ ಒಂಬತ್ತು ಗಂಟೆಯೊಳಗೆ ವಾಹನಕ್ಕೆ ಮರಳಲು ಸಾಧ್ಯವಿದ್ದರೆ ಮಾತ್ರ, ಮತ್ತು ನಿಮ್ಮ ನಾಯಿಯ ಈಗಿನ ತೂಕದಲ್ಲಿ ಅದೂ ಚಿಕ್ಕ ದಾರಿಯಿಂದ ಮಾತ್ರ.

ಹೀಗೆ ಹೇಳಲು ಬೆಟ್ಟದ ಎತ್ತರ ಕಾರಣವಲ್ಲ, ನಡೆಯಬೇಕಾದ ದೂರವೂ ಕಾರಣವಲ್ಲ. ದಣಿದ ಮನುಷ್ಯ ಬಂಡೆಯೊಂದರ ಮೇಲೆ ಕುಳಿತು ‘ಇನ್ನು ನನ್ನಿಂದಾಗದು’ ಎನ್ನುತ್ತಾನೆ. ನಾಯಿ ಹಾಗೆ ಮಾಡುವುದಿಲ್ಲ. ಮನೆಯವರು ಮುಂದೆ ನಡೆಯುತ್ತಿರುವಷ್ಟು ಹೊತ್ತು ತಾನೂ ನಡೆಯಬೇಕೆಂಬುದು ಅದರ ಸ್ವಭಾವ. ಲ್ಯಾಬ್ರಡಾರ್‌ನಲ್ಲಂತೂ ಈ ಸ್ವಭಾವ ಎಷ್ಟು ಬಲವಾಗಿದೆಯೆಂದರೆ, ಮೈ ಕಾದು ಹಿಂಗಾಲು ತೂರಾಡತೊಡಗಿದ ಮೇಲೂ ಅದು ಬಾಲ ಅಲ್ಲಾಡಿಸುತ್ತಲೇ ನಿಮ್ಮ ಹಿಂದೆ ಬರುತ್ತದೆ. ಆದ್ದರಿಂದ ಎಷ್ಟು ಗಂಟೆಗೆ, ಎಲ್ಲಿಂದ ಹಿಂದಿರುಗಬೇಕೆಂಬುದನ್ನು ಅದರ ಉತ್ಸಾಹ ನೋಡಿ ದಾರಿಯಲ್ಲಿ ತೀರ್ಮಾನಿಸಲಾಗದು. ಅದನ್ನು ಮನೆ ಬಿಡುವ ಮೊದಲೇ ನಿಶ್ಚಯಿಸಿಕೊಂಡು, ಶಿಖರ ಕೂಗಳತೆಯಲ್ಲಿದ್ದರೂ ಆ ಮಾತಿಗೆ ಬದ್ಧರಾಗಿರಬೇಕು.

ನಾಯಿಯ ಮೈ ಹೇಗೆ ತಣಿಯುತ್ತದೆಂಬುದನ್ನು ತಿಳಿದರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನಮಗೆ ಮೈಯೆಲ್ಲ ಬೆವರುತ್ತದೆ, ಗಾಳಿ ತಾಗಿದಾಗ ಆ ಬೆವರು ಆರಿ ಶಾಖವನ್ನು ಒಯ್ಯುತ್ತದೆ. ನಾಯಿಗೆ ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಲೆಕ್ಕಕ್ಕೆ ಬಾರದಷ್ಟು. ಅದಕ್ಕಿರುವ ಮುಖ್ಯ ದಾರಿಯೆಂದರೆ ತೇಕುವುದು, ಅಂದರೆ ನಾಲಿಗೆ, ಬಾಯಿ ಮತ್ತು ಮೂಗಿನ ಒಳಪದರದ ತೇವವನ್ನು ಉಸಿರಿನ ಗಾಳಿಯಿಂದ ಆರಿಸುವುದು. ಗಾಳಿಯಲ್ಲೇ ತೇವ ತುಂಬಿದ್ದರೆ ಈ ಉಪಾಯ ಸೋಲುತ್ತದೆ. ಮೋಡ ಕವಿದು ಮಳೆ ಬಾರದೆ ಸೆಕೆ ಹೆಚ್ಚಿದ ಮೇ ತಿಂಗಳ ದಿನ ಬಿಸಿಲಿಲ್ಲದಿದ್ದರೂ ನಾಯಿಗೆ ಅಪಾಯಕಾರಿಯಾಗುವುದು ಇದರಿಂದಲೇ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿದರೆ ಉಷ್ಣಾಘಾತದ ಹೊಸ್ತಿಲು. 107ನ್ನು ಮುಟ್ಟಿದರೆ ಕರುಳು, ಮೂತ್ರಪಿಂಡ, ಮೆದುಳು ಒಂದೊಂದಾಗಿ ಹಾನಿಗೊಳಗಾಗುತ್ತವೆ. ಏರು ದಾರಿಯಲ್ಲಿ ದುಡಿಯುವ ಸ್ನಾಯುಗಳು ತಾವೇ ಶಾಖವನ್ನು ಉತ್ಪಾದಿಸುವುದರಿಂದ, ನೆರಳಿನಲ್ಲಿ ಮಲಗಿದ ನಾಯಿ ಸುಲಭವಾಗಿ ತಾಳಿಕೊಳ್ಳುವ ಹವೆಯಲ್ಲೇ ಬೆಟ್ಟ ಹತ್ತುವ ನಾಯಿ ಕುಸಿಯಬಲ್ಲದು.

ಈಗ ಸಾವನದುರ್ಗವನ್ನು ನೋಡೋಣ. ಮಾಗಡಿ ತಾಲ್ಲೂಕಿನ ಈ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ, ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆಂಬ ಲೆಕ್ಕದಲ್ಲಿ ತುದಿಯಲ್ಲಿ ಸಿಗುವ ತಂಪು ಹೆಚ್ಚೆಂದರೆ ಎರಡು ಡಿಗ್ರಿ. ಆ ಎರಡು ಡಿಗ್ರಿಯನ್ನು ಬಂಡೆ ಹತ್ತು ಪಟ್ಟಾಗಿ ವಸೂಲು ಮಾಡುತ್ತದೆ. ದಾರಿಯ ಬಹುಭಾಗ ಬೋಳು ಕಲ್ಲು; ಮರವಿಲ್ಲ, ಮಣ್ಣಿಲ್ಲ. ಗಾಳಿಯ ಉಷ್ಣತೆ 33 ಡಿಗ್ರಿ ಸೆಲ್ಸಿಯಸ್ ಇರುವ ಮಧ್ಯಾಹ್ನ ನೇರ ಬಿಸಿಲಿಗೆ ಒಡ್ಡಿದ ಕಲ್ಲು 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ನಮ್ಮ ಮುಖ ನೆಲದಿಂದ ಐದಡಿ ಮೇಲಿದ್ದರೆ ನಾಯಿಯ ಹೊಟ್ಟೆ ಸುಮಾರು ಒಂದಡಿಯಷ್ಟೇ ಮೇಲಿರುತ್ತದೆ. ಕಲ್ಲಿನ ಝಳವನ್ನೆಲ್ಲ ಅದು ಹೀರಿಕೊಳ್ಳುತ್ತದೆ.

ಬೆಳಿಗ್ಗೆ ಬೇಗ ಹೋದರಾಯಿತಲ್ಲ ಎಂದು ನೀವು ಕೇಳಬಹುದು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಅವರು ಹತ್ತುವ ಸಮಯವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಏಳಕ್ಕೆ ಹೊರಟು, ಒಂಬತ್ತಕ್ಕೆ ತುದಿಯ ನಂದಿ ಮಂಟಪದಲ್ಲಿ ಕುಳಿತು ತಿಂಡಿ ತಿಂದು, ಫೋಟೊ ತೆಗೆಸಿಕೊಂಡು, ಹತ್ತೂವರೆಗೆ ಇಳಿಯಲು ಎದ್ದರೆ, ದಣಿದ ನಾಯಿ ಕಾದ ಬಂಡೆಯ ಮೇಲೆ ಒಂದೂವರೆ ಗಂಟೆ ನಡೆಯಬೇಕಾಗುತ್ತದೆ, ಅದೂ ಇಳಿಜಾರಿನಲ್ಲಿ ಪಾದ ಊರಿ ತಡೆಯುತ್ತಾ. ಸಂಜೆಯ ಹೊತ್ತೂ ಪರಿಹಾರವಲ್ಲ. ಬಂಡೆ ದಿನವಿಡೀ ಕುಡಿದ ಶಾಖವನ್ನು ಸೂರ್ಯ ಇಳಿದ ಮೇಲೂ ಬಹಳ ಹೊತ್ತು ಬಿಡುತ್ತಲೇ ಇರುತ್ತದೆ. ಐದು ಗಂಟೆಯ ಗಾಳಿ ಬೆಳಗಿನಂತೆ ಹಿತವೆನಿಸಿದರೂ ಕಾಲಡಿಯ ಕಲ್ಲು ಬೆಳಗಿನ ಕಲ್ಲಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳ ಭಾನುವಾರ ಮಧ್ಯಾಹ್ನ ಇಂಥದ್ದೇ ಬೋಳುಬಂಡೆಯ ಬೆಟ್ಟದಿಂದ ಒಂದು ಲ್ಯಾಬ್ರಡಾರ್ ಅನ್ನು ನನ್ನ ಚಿಕಿತ್ಸಾಲಯಕ್ಕೆ ಹೊತ್ತು ತಂದರು. ಮನೆಯವರು ಅಕ್ಕರೆಯಿಂದ ಅದಕ್ಕೆ ಒದ್ದೆ ಟವೆಲ್ ಸುತ್ತಿ, ಕಾರಿನ ಕಿಟಕಿಗಳನ್ನು ಮುಚ್ಚಿ, ಒಂದು ಗಂಟೆ ಪ್ರಯಾಣ ಮಾಡಿದ್ದರು. ಟವೆಲ್ ಬಿಚ್ಚಿದಾಗ ಒಳಗಿನಿಂದ ಹಬೆ ಬಂದಂತಾಯಿತು. ಥರ್ಮಾಮೀಟರು 108 ತೋರಿಸಿತು. ಒಸಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮುಂಗಾಲನ್ನು ಎತ್ತಿ ನೋಡಿದರೆ ಪಾದದ ಮೆತ್ತೆಯ ಕಪ್ಪು ಚರ್ಮ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಳಚಿ ನೇತಾಡುತ್ತಿತ್ತು. ಅಂಥ ಪಾದದಲ್ಲಿ ಅದು ಕೊನೆಯ ಅರ್ಧ ಕಿಲೋಮೀಟರ್ ಮನೆಯವರ ಹಿಂದೆ ನಡೆದೇ ಬಂದಿತ್ತು. ಎರಡನೆಯ ದಿನ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು ಅದು ಸತ್ತಿತು. ಆ ಮನೆಯವರು ನಿರ್ಲಕ್ಷ್ಯದವರಲ್ಲ, ಗೊತ್ತಿಲ್ಲದವರು, ಅಷ್ಟೇ. ನಿಮಗೆ ಇಷ್ಟು ವಿವರವಾಗಿ ಬರೆಯುತ್ತಿರುವುದು ಆ ದಿನದ ನೆನಪಿನಿಂದಲೇ.

ಮುಳ್ಳಯ್ಯನಗಿರಿಯ ಸ್ಥಿತಿ ಬೇರೆ. ಚಂದ್ರದ್ರೋಣ ಪರ್ವತಶ್ರೇಣಿಯ ಈ ಶಿಖರ 1,930 ಮೀಟರ್ ಎತ್ತರದ್ದು, ಕರ್ನಾಟಕದಲ್ಲೇ ಅತಿ ಎತ್ತರದ್ದು. ಬೆಂಗಳೂರಿಗಿಂತ ಸಾವಿರ ಮೀಟರ್ ಮೇಲಿರುವುದರಿಂದ ಆರು ಡಿಗ್ರಿಯಷ್ಟು ತಂಪು ನಿಶ್ಚಿತ. ಕಾಲಡಿಯಲ್ಲಿ ಬಂಡೆಗಿಂತ ಮಣ್ಣು ಮತ್ತು ಹುಲ್ಲು ಹೆಚ್ಚು. ಬೆಳಗಿನ ಗಾಳಿ ಬಲವಾಗಿ ಬೀಸುತ್ತದೆ. ಸರ್ಪದಾರಿ ಎಂಬಲ್ಲಿಂದ ಬೆಟ್ಟದ ಏಣಿನ (ಕಿರಿದಾದ ಬೆನ್ನಿನ) ಮೇಲೆ ಹತ್ತುವ ಮೂರು-ನಾಲ್ಕು ಕಿಲೋಮೀಟರಿನ ದಾರಿ ಬಹಳ ಸುಂದರವಾದದ್ದು. ಎರಡೂ ಬದಿಗೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಆದರೆ ಅಲ್ಲಿಯೂ ನೆರಳಿಲ್ಲ, ಕೆಲವೆಡೆ ಕಡಿದಾಗಿದೆ. 38 ಕೆ.ಜಿ.ಯ ನಿಮ್ಮ ನಾಯಿಗೆ ಈ ಬಾರಿ ನನ್ನ ಸಲಹೆಯೆಂದರೆ, ವಾಹನ ಹೋಗುವಲ್ಲಿಯವರೆಗೆ ಹೋಗಿ, ಅಲ್ಲಿಂದ ಶಿಖರಕ್ಕೆ ಕಟ್ಟಿರುವ ಮೆಟ್ಟಿಲುಗಳನ್ನು ನಿಧಾನವಾಗಿ, ನಡುವೆ ನಿಂತು ನಿಂತು ಹತ್ತುವುದು. ತುದಿಯಲ್ಲಿ ದೇವಸ್ಥಾನವಿದೆ; ನಾಯಿಯನ್ನು ಒಳಗೆ ಒಯ್ಯದೆ, ಮನೆಯವರಲ್ಲಿ ಒಬ್ಬರು ಹೊರಗೆ ಅದರೊಡನೆ ನಿಂತು ಸರದಿಯಂತೆ ದರ್ಶನ ಮಾಡಿ. ಯಾವ ಕಾರಣಕ್ಕೂ ಅದನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹೊರಗೆ ತಂಪಿದ್ದರೂ ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಐದು ಗಂಟೆಯ ದಾರಿಯಾದ್ದರಿಂದ ಅದೇ ದಿನ ಹೋಗಿ ಬೆಳಗಿನ ನಡಿಗೆ ಮುಗಿಸಲಾಗದು. ಹಿಂದಿನ ರಾತ್ರಿಯೇ ನಾಯಿಯನ್ನು ಒಪ್ಪುವ ಹೋಂಸ್ಟೇಯೊಂದರಲ್ಲಿ ತಂಗಬೇಕು. ಗಿರಿಯ ದಾರಿಗೆ ವಾಹನಗಳನ್ನು ಕೈಮರದ ಚೆಕ್‌ಪೋಸ್ಟಿನಲ್ಲಿ ನಿಯಂತ್ರಿಸುತ್ತಾರೆ. ಕಾಳ್ಗಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದೂ ಉಂಟು. ಆದ್ದರಿಂದ ಹೊರಡುವ ವಾರದಲ್ಲಿ ವಿಚಾರಿಸಿ, ನಾಯಿಯೂ ಜೊತೆಗಿದೆಯೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ಬೇಡವೆಂದರೆ ವಾದಿಸಬೇಡಿ. ಇನ್ನೊಂದು ಗಡಿಯಾರವನ್ನೂ ಗಮನದಲ್ಲಿಡಿ. ಮೇ ಎರಡನೆಯ ವಾರವೆಂದರೆ ಭರಣಿ ಮಳೆ ಮುಗಿದು ಕೃತ್ತಿಕೆ ಹಿಡಿಯುವ ಕಾಲ. ಮಧ್ಯಾಹ್ನದ ನಂತರ ಗುಡುಗು ಮಿಂಚಿನ ಮಳೆ ಹಠಾತ್ತಾಗಿ ಬರುತ್ತದೆ. ಬೋಳು ಏಣಿನ ಮೇಲೆ ಸಿಡಿಲಿಗೆ ನೀವೂ ನಿಮ್ಮ ನಾಯಿಯೂ ಅತ್ಯಂತ ಎತ್ತರದ ವಸ್ತುಗಳಾಗಿರುತ್ತೀರಿ.

ನಾಯಿಯ ಸಿದ್ಧತೆಗೆ ಬರೋಣ. ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್‌ಗೆ 30ರಿಂದ 34 ಕೆ.ಜಿ. ಸಾಕು. ಪಕ್ಕೆಯ ಮೇಲೆ ಅಂಗೈ ಇಟ್ಟಾಗ ಒತ್ತದೆಯೇ ಎಲುಬುಗಳು ಕೈಗೆ ತಾಗಬೇಕು. ಹುಡುಕಬೇಕಾಗಿ ಬಂದರೆ ಅದು ಕೊಬ್ಬು. ಈ ಕೊಬ್ಬು ಶಾಖವನ್ನು ಒಳಗೇ ಹಿಡಿದಿಡುತ್ತದೆ, ಮೊಣಕಾಲು ಮತ್ತು ಸೊಂಟದ ಕೀಲುಗಳ ಮೇಲೂ ಹೊರೆಯಾಗುತ್ತದೆ. ಎ.ಸಿ. ಕೋಣೆಯಲ್ಲಿ ಮಲಗುವ ನಾಯಿಯ ಮೈ ಬೇಸಿಗೆಗೆ ಹೊಂದಿಕೊಂಡಿರುವುದಿಲ್ಲವಾದ್ದರಿಂದ, ಇಂದಿನಿಂದಲೇ ಅದನ್ನು ಫ್ಯಾನಿನ ಗಾಳಿಯಲ್ಲಿ ಮಲಗಿಸಲು ಆರಂಭಿಸಿ. ಹೊಂದಿಕೊಳ್ಳಲು ಕನಿಷ್ಠ ಎರಡು ವಾರ ಬೇಕು. ನಡಿಗೆಯನ್ನು ವಾರದಿಂದ ವಾರಕ್ಕೆ ಹೆಚ್ಚಿಸುತ್ತಾ ಬೆಳಗಿನ ಹೊತ್ತು ಒಂದು ಗಂಟೆಗೆ ತನ್ನಿ. ಡಾಂಬರು ರಸ್ತೆಯ ಬದಲು ಮಣ್ಣು-ಜಲ್ಲಿಯ ದಾರಿಯಲ್ಲಿ ನಡೆಸಿದರೆ ಪಾದದ ಮೆತ್ತೆ ಗಟ್ಟಿಯಾಗುತ್ತದೆ. ಇಪ್ಪತ್ತು ನಿಮಿಷದ ನಡಿಗೆಯಿಂದ ಒಮ್ಮೆಗೇ ಬೆಟ್ಟಕ್ಕೆ ಜಿಗಿಯುವುದು ಯಾವ ನಾಯಿಗೂ ನ್ಯಾಯವಲ್ಲ. ಈ ಅವಧಿಯಲ್ಲಿ ಒಂದು ಸಂಗತಿಯನ್ನು ಗಮನಿಸಿ: ಜೋರಾಗಿ ಓಡಿಸಿದ ಹತ್ತು-ಹದಿನೈದು ನಿಮಿಷದಲ್ಲಿ ಹಿಂಗಾಲು ಸೋತು ಕುಸಿಯುವ ಒಂದು ಆನುವಂಶಿಕ ದೋಷ ಲ್ಯಾಬ್ರಡಾರ್‌ಗಳಲ್ಲಿದೆ. ಅಂಥ ಲಕ್ಷಣವನ್ನು ಒಮ್ಮೆ ಕಂಡಿದ್ದರೂ ಬೆಟ್ಟದ ವಿಚಾರವನ್ನೇ ಬಿಟ್ಟು ನಿಮ್ಮ ಪಶುವೈದ್ಯರನ್ನು ಕಾಣಿ. ಪಗ್, ಬುಲ್‌ಡಾಗ್, ಶಿಹ್ ತ್ಸು ಮೊದಲಾದ ಮೊಂಡು ಮೂಗಿನ ನಾಯಿ ಸಾಕಿರುವ ಓದುಗರು ಬೇಸಿಗೆಯ ಬೆಟ್ಟವನ್ನು ಯೋಚಿಸುವುದೇ ಬೇಡ. ಅವುಗಳಿಗೆ ತೇಕಲು ಬೇಕಾದ ಮೂಗಿನ ಜಾಗವೇ ಇಲ್ಲ.

ನಡಿಗೆಯ ದಿನ ಹೊರಡುವ ಮೂರು ಗಂಟೆ ಮೊದಲೇ ಆಹಾರ ಮುಗಿದಿರಬೇಕು. ಬೆಳಗಿನ ಜಾವ ಹೊರಡುವುದಾದರೆ ಹಿಂದಿನ ರಾತ್ರಿಯ ಊಟವೇ ಸಾಕು, ಉಳಿದದ್ದು ಇಳಿದ ಮೇಲೆ. ನಾಯಿಗೆಂದೇ ಎರಡು ಲೀಟರ್ ನೀರನ್ನು ಬೇರೆಯಾಗಿ ಒಯ್ಯಿರಿ. ವಿಶ್ರಾಂತಿಯಲ್ಲಿರುವ ನಾಯಿಗೇ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50-60 ಮಿ.ಲೀ. ನೀರು ಬೇಕು, ತೇಕುವ ನಾಯಿಗೆ ಅದಕ್ಕಿಂತ ಹೆಚ್ಚು. ಒಮ್ಮೆಗೇ ಬಟ್ಟಲು ತುಂಬಾ ಕುಡಿಸದೆ, ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕೊಡಿ. ಬಂಡೆಯ ಹೊಂಡಗಳಲ್ಲಿ ನಿಂತ ನೀರನ್ನು ಕುಡಿಯಲು ಬಿಡಬೇಡಿ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನೆಯವರಿಗೂ. ರೇಬಿಸ್ ಮತ್ತು ಇಲಿಜ್ವರ ಸೇರಿದಂತೆ ವಾರ್ಷಿಕ ಲಸಿಕೆಗಳು ಮುಗಿದಿರಲಿ. ನಿಮ್ಮ ತಿಂಡಿಯ ಚೀಲದಲ್ಲಿರುವ ಒಣದ್ರಾಕ್ಷಿ ಮತ್ತು ಚಾಕೊಲೇಟ್ ನಾಯಿಗೆ ವಿಷ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ, ಏಕೆಂದರೆ ಪ್ರೀತಿಯಿಂದ ಹಂಚಿ ತಿನ್ನುವವರು ಅವರೇ.

ಕೊರಳಪಟ್ಟಿಗೆ ಬದಲು ಎದೆಗೆ ಹಾಕುವ ಹಾರ್ನೆಸ್ ಇರಲಿ. ಜಾರಿದಾಗ ಕತ್ತಿನ ಬದಲು ಎದೆಯಿಂದ ಹಿಡಿದೆತ್ತಬಹುದು. ಬಾಯಿಯನ್ನು ಬಿಗಿದುಕಟ್ಟುವ ಬಟ್ಟೆಯ ಕುಕ್ಕೆಯನ್ನು ಹಾಕಬೇಡಿ. ತೇಕಲು ಆಗದಂತೆ ಮಾಡುವುದೆಂದರೆ ತಣಿಯುವ ಏಕೈಕ ಬಾಗಿಲನ್ನು ಮುಚ್ಚಿದಂತೆ. ಕಲ್ಲಿನ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನಿಟ್ಟು ಹತ್ತು ಎಣಿಸಿ. ಅಷ್ಟು ಹೊತ್ತು ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಜೊತೆಗೆ ಒಂದು ಹಳೆಯ ಪಂಚೆಯನ್ನು ತಪ್ಪದೆ ಇಟ್ಟುಕೊಳ್ಳಿ. ನಾಯಿ ನಡೆಯಲಾರದೆ ಹೋದರೆ ಅದನ್ನು ಪಂಚೆಯ ನಡುವೆ ಮಲಗಿಸಿ ಇಬ್ಬರು ಎರಡು ತುದಿ ಹಿಡಿದು ಇಳಿಸಬಹುದು. 38 ಕೆ.ಜಿ.ಯ ಪ್ರಾಣಿಯನ್ನು ಒಬ್ಬರೇ ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯುವುದು ಚಿತ್ರಗಳಲ್ಲಿ ಮಾತ್ರ ಸಾಧ್ಯ.

ದಾರಿಯಲ್ಲಿ ಅದರ ನಾಲಿಗೆಯನ್ನು ನೋಡುತ್ತಿರಿ. ಸಾಧಾರಣವಾಗಿ ತೇಕುವಾಗ ನಾಲಿಗೆ ಕಿರಿದಾಗಿ ಮುಂದೆ ಚಾಚಿರುತ್ತದೆ. ಅದು ಅಗಲವಾಗಿ, ತುದಿ ಸೌಟಿನಂತೆ ಹರಡಿಕೊಂಡು ಅಂಚು ಮೇಲಕ್ಕೆ ಮಡಚತೊಡಗಿದರೆ ಶಾಖ ಏರುತ್ತಿದೆ ಎಂದರ್ಥ. ಅಲ್ಲೇ ನೆರಳು ಹುಡುಕಿ, ನೀರು ಕೊಟ್ಟು, ಉಸಿರು ಸಮಸ್ಥಿತಿಗೆ ಬಂದ ಮೇಲೆ ಹಿಂದಿರುಗಿ, ಮುಂದೆ ಹೋಗಬೇಡಿ. ನೆರಳು ಕಂಡಲ್ಲೆಲ್ಲ ನಿಲ್ಲುವುದು, ಹಿಂದೆ ಬೀಳುವುದು, ಜೊಲ್ಲು ಅಂಟಂಟಾಗಿ ಎಳೆಯಾಗುವುದು ಇದೇ ಹಂತದ ಗುರುತುಗಳು. ಒಸಡು ಕಡುಗೆಂಪಾಗಿ, ಹಿಂಗಾಲು ತೂರಾಡಿ, ವಾಂತಿ ಅಥವಾ ಭೇದಿಯಾದರೆ ಅದು ಉಷ್ಣಾಘಾತ. ಆಗ ಎಣಿಕೆ ನಿಮಿಷಗಳಲ್ಲಿ.

ಆಗ ಮಾಡಬೇಕಾದದ್ದು ಒಂದೇ: ಮೊದಲು ತಣಿಸಿ, ಆಮೇಲೆ ಸಾಗಿಸಿ. ನಿಮ್ಮಲ್ಲಿರುವ ನೀರನ್ನೆಲ್ಲ, ನೀವು ಕುಡಿಯಲು ಇಟ್ಟುಕೊಂಡದ್ದನ್ನೂ ಸೇರಿಸಿ, ಹೊಟ್ಟೆ, ತೊಡೆಯ ಸಂದು, ಕಂಕುಳು ಮತ್ತು ಬೆನ್ನಿನ ಮೇಲೆ ಚರ್ಮ ನೆನೆಯುವಂತೆ ಸುರಿಯಿರಿ. ಟೋಪಿಯಿಂದಲೋ ರಟ್ಟಿನಿಂದಲೋ ಬಿಡದೆ ಗಾಳಿ ಹಾಕಿರಿ. ತಣ್ಣೀರು ಹಾಕಿದರೆ ರಕ್ತನಾಳಗಳು ಕುಗ್ಗಿ ಕೆಡುಕಾಗುತ್ತದೆ ಎಂಬ ಹಳೆಯ ಎಚ್ಚರಿಕೆಯನ್ನು ನಾವು ವೈದ್ಯರೇ ಬಹುಕಾಲ ಹೇಳುತ್ತಿದ್ದೆವು. ಈಗಿನ ತಿಳಿವಳಿಕೆಯ ಪ್ರಕಾರ ತಡಮಾಡುವುದೇ ಕೆಡುಕು, ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಬೇಡಿ. ಅದು ಬೇಗನೆ ಬೆಚ್ಚಗಾಗಿ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಒದ್ದೆ ಪಂಚೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಮಲಗಿಸಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಗುದದ್ವಾರದಲ್ಲಿ ಇಟ್ಟ ಥರ್ಮಾಮೀಟರು 103ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಿ, ಕಾರಿನ ಕಿಟಕಿ ತೆರೆದು ಎ.ಸಿ.ಯನ್ನೂ ಹಾಕಿಕೊಂಡು ಪಶುವೈದ್ಯರ ಬಳಿಗೆ ಹೊರಡಿ. ಮನುಷ್ಯರ ಜ್ವರದ ಮಾತ್ರೆಗಳನ್ನು ಕೊಡಬೇಡಿ. ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ, ಈ ಶಾಖವನ್ನಂತೂ ಇಳಿಸುವುದೇ ಇಲ್ಲ.

ಬಿಸಿಲಿನಷ್ಟೇ ಮುಖ್ಯವಾದ ಮತ್ತೊಂದು ವಿಷಯ ಉಣ್ಣೆ, ಮಲೆನಾಡಿನವರು ಉಣುಗು ಎನ್ನುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಇದೆ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣ ಕಾಲವೇ ಅದರ ಕಾಲ. ಇದು ಮನುಷ್ಯರ ಪ್ರಾಣಕ್ಕೆ ಕುತ್ತಾಗಬಲ್ಲ ಕಾಯಿಲೆ. ಕಾಡಿನ ನೆಲದ ತರಗೆಲೆಯಲ್ಲಿರುವ ಎಳೆಯ ಉಣ್ಣೆಗಳ ಕಡಿತದಿಂದ ಹರಡುತ್ತದೆ. ನಾಯಿಗೆ ಉಣ್ಣೆ ನಿವಾರಕ ಮಾತ್ರೆಯನ್ನು ಒಂದು ವಾರ ಮೊದಲೇ ಕೊಡಿಸಿ. ಆದರೆ ಮಾತ್ರೆ ಕೆಲಸ ಮಾಡುವುದು ಉಣ್ಣೆ ಕಚ್ಚಿದ ಮೇಲೆ; ಕಚ್ಚದೆ ರೋಮದಲ್ಲಿ ಕುಳಿತ ಉಣ್ಣೆ ಕಾರಿನ ಸೀಟಿಗೂ ಮಕ್ಕಳ ಮಡಿಲಿಗೂ ಬರಬಲ್ಲದು. ಆದ್ದರಿಂದ ಶೋಲಾ ಕಾಡಿನೊಳಗೆ ಅದನ್ನು ಬಿಡಬೇಡಿ, ಮಂಗ ಸತ್ತ ಸುದ್ದಿಯಿರುವ ಕಡೆಗೆ ಹೋಗಲೇಬೇಡಿ, ಕಾರು ಹತ್ತಿಸುವ ಮೊದಲು ಹಣಿಗೆಯಿಂದ ಪೂರ್ತಿ ಬಾಚಿ. ಕಿವಿಯ ಒಳಮಡಿಕೆ, ಬೆರಳ ಸಂದು ಮತ್ತು ಬಾಲದ ಬುಡವನ್ನು ಬೆರಳಾಡಿಸಿ ನೋಡಿ. ಮನುಷ್ಯರು ಹಚ್ಚಿಕೊಳ್ಳುವ ಸೊಳ್ಳೆ-ಉಣ್ಣೆ ನಿವಾರಕಗಳನ್ನು ನಾಯಿಗೆ ಹಚ್ಚಬೇಡಿ, ನೆಕ್ಕಿ ನುಂಗುತ್ತದೆ.

ಹಗ್ಗವನ್ನು ಒಂದು ಕ್ಷಣವೂ ಬಿಚ್ಚಬೇಡಿ. ಚಿರತೆಗೆ ನಾಯಿ ಸಹಜ ಬೇಟೆ. ಕರಡಿಯಿರುವ ಕಡೆ ಬಿಟ್ಟ ನಾಯಿ ಅದನ್ನು ಕೆಣಕಿ, ಹೆದರಿ, ನಿಮ್ಮ ಕಡೆಗೇ ಓಡಿ ಬರುತ್ತದೆ, ಹಿಂದೆ ಕರಡಿಯನ್ನು ಕರೆದುಕೊಂಡು. ಹುಲ್ಲಿನ ನಡುವೆ ಮೂಗು ತೂರಿಸುವ ನಾಯಿಗೆ ಕೊಳಕುಮಂಡಲ ಕಚ್ಚುವುದು ಮೂತಿಗೆ ಅಥವಾ ಮುಂಗಾಲಿಗೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಯಾವುದನ್ನೂ ಮಾಡದೆ, ನಡೆಸದೆ, ಪಂಚೆಯಲ್ಲಿ ಹೊತ್ತು ಪ್ರತಿವಿಷ ಇರುವ ಪಶು ಆಸ್ಪತ್ರೆಗೆ ತಲುಪಿಸಿ. ಅಂಥ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡಿರಬೇಕು.

ಸಾವನದುರ್ಗವನ್ನು ನಿಮ್ಮ ನಾಯಿಗೆ ಎಂದೆಂದಿಗೂ ನಿಷೇಧಿಸುತ್ತಿಲ್ಲ. ಐದಾರು ಕೆ.ಜಿ. ಇಳಿದು, ಒಂದೂವರೆ ಗಂಟೆ ಆರಾಮವಾಗಿ ನಡೆಯುವಂತಾದ ಮೇಲೆ, ಡಿಸೆಂಬರ್ ಅಥವಾ ಜನವರಿಯ ಒಂದು ಚಳಿಯ ಬೆಳಿಗ್ಗೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ. ಒಣ ಬಂಡೆಯ ಮೇಲೆ ಅದರ ಪಾದ ನಿಮ್ಮ ಬೂಟಿಗಿಂತ ಚೆನ್ನಾಗಿ ಹಿಡಿಯುತ್ತದೆ. ಈ ಮೇ ತಿಂಗಳಲ್ಲಿ ಗಿರಿಯಿಂದ ಇಳಿದ ಮೇಲೆ ಎರಡು ದಿನ ಅದನ್ನು ಗಮನಿಸುತ್ತಿರಿ. ಪಾದದ ಮೆತ್ತೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ, ಬಿರುಕು ಮತ್ತು ಬೊಬ್ಬೆಗಳನ್ನು ಹುಡುಕಿ. ಮರುದಿನ ಊಟ ಬಿಟ್ಟರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಬಾಲ ಅಲ್ಲಾಡಿಸುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳದೆ ಅದೇ ಗಂಟೆಯಲ್ಲಿ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.